ಶ್ರೀರಂಗರು ‘ಕನ್ನಡದ ಶಾ’ ಅಹುದೆ?

ಶ್ರೀರಂಗರ ಪ್ರಸ್ತಾಪ ಬಂದಲ್ಲೆಲ್ಲ ‘ಅವರು ಕನ್ನಡದ ಬರ್ನಾರ್ಡ್ ಶಾ’ ಎಂಬ ಮಾತು ಬೆನ್ನ ಹಿಂದೆಯೇ ಬರುವದು. ನಮ್ಮ ಸಂಘದ ಬೈಠಕಗಳಲ್ಲಿಯೂ ಇದನ್ನು ಅನೇಕ ಸಲ ಕೇಳಿದ್ದೇವೆ. ಹೇಳುವವರ ಮನಸ್ಸಿನಲ್ಲಿ ಇರುವದು ಗೌರವವೇ, ಅದರಲ್ಲಿ ಸಂಶಯವಿಲ್ಲ. ಆದರೆ ಬಿರುದುಗಳಿಂದ ಒಂದು ಅಪಾಯವುಂಟು. ಒಬ್ಬ ಲೇಖಕನಿಗೆ ಬಿರುದು ಕೊಟ್ಟುಬಿಟ್ಟರೆ ಅವನನ್ನು ಓದುವ ಶ್ರಮ ತಪ್ಪುವದು. ಆದುದರಿಂದ ಈ ಮಾತು ಎಷ್ಟರಮಟ್ಟಿಗೆ ನಿಜ, ಎಲ್ಲಿಂದ ಮುಂದೆ ದಾರಿ ತಪ್ಪಿಸುವದು ಎಂಬುದನ್ನು ಒಮ್ಮೆ ನಿಧಾನವಾಗಿ ನೋಡಬೇಕೆಂದು ಈ ಲೇಖನವನ್ನು ಬರೆಯಲಾಗಿದೆ.

ಮೊದಲು ಶಾನ ವಿಷಯ. ಜಾರ್ಜ್ ಬರ್ನಾರ್ಡ್ ಶಾ ಹುಟ್ಟಿದ್ದು 1856ರಲ್ಲಿ, ಐರ್ಲಂಡದ ಡಬ್ಲಿನ್ ಪಟ್ಟಣದಲ್ಲಿ. 1876ರಲ್ಲಿ ಲಂಡನ್ನಿಗೆ ಬಂದನು. ಅಲ್ಲಿ ಬರೆದ ಐದು ಕಾದಂಬರಿಗಳೂ ಅವನ ಕೈ ಹಿಡಿಯಲಿಲ್ಲ. ಹೊಟ್ಟೆಗೆ ಹಿಟ್ಟು ಕೊಟ್ಟದ್ದು ವಿಮರ್ಶೆ: ಮೊದಲು ಸಂಗೀತ ವಿಮರ್ಶೆ, ಆಮೇಲೆ 1895ರಿಂದ 1898ರ ವರೆಗೆ ಒಂದು ವಾರಪತ್ರಿಕೆಯಲ್ಲಿ ನಾಟಕ ವಿಮರ್ಶೆ. ಇಬ್ಸನ್ನನನ್ನು ಇಂಗ್ಲಿಷರಿಗೆ ತಿಳಿಯಹೇಳಲು 1891ರಲ್ಲಿ ಒಂದು ಪುಸ್ತಕವನ್ನೇ ಬರೆದನು. ಅಂದರೆ ಹೊಸ ನಾಟಕ ಹೇಗಿರಬೇಕೆಂದು ಮೊದಲು ವಾದಿಸಿ, ಅಂಥ ನಾಟಕಗಳನ್ನು ತಾನೇ ಬರೆಯತೊಡಗಿದನು. 1925ರ ನೊಬೆಲ್ ಬಹುಮಾನ ಅವನಿಗೆ ಸಂದಿತು. 1950ರಲ್ಲಿ, ತೊಂಬತ್ತನಾಲ್ಕನೆಯ ವಯಸ್ಸಿನಲ್ಲಿ, ತೀರಿಕೊಂಡನು.

ಶ್ರೀರಂಗರು ನಮ್ಮ ನೆರೆಯವರು. ಜತ್ತ ತಾಲೂಕಿಗೆ ತಾಗಿರುವ ವಿಜಾಪುರ ಜಿಲ್ಲೆಯ ಅಗರಖೇಡದಲ್ಲಿ 1904ರಲ್ಲಿ ಹುಟ್ಟಿದ ಆದ್ಯ ರಂಗಾಚಾರ್ಯರು ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಓದಿ, ಲಂಡನ್ನಿನಲ್ಲಿ ಸಂಸ್ಕೃತದ ಉಚ್ಚ ವ್ಯಾಸಂಗ ಮಾಡಿ, ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಸಂಸ್ಕೃತದ ಪ್ರಾಧ್ಯಾಪಕರಾದರು. ಹತ್ತಾರು ದೊಡ್ಡ ನಾಟಕಗಳನ್ನೂ ಅವಕ್ಕಿಂತ ಹೆಚ್ಚು ಏಕಾಂಕಗಳನ್ನೂ ಕಾದಂಬರಿಗಳನ್ನೂ ಬರೆದರು. ಭರತನ ನಾಟ್ಯಶಾಸ್ತ್ರವನ್ನು ಕನ್ನಡಕ್ಕೆ ತಂದರು. ರಾಯಚೂರ ಸಾಹಿತ್ಯ ಸಮ್ಮೇಲನದ ಅಧ್ಯಕ್ಷರಾದರು. ಅವರ ‘ಕಾಳಿದಾಸ’ ಗ್ರಂಥಕ್ಕೆ 1971ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆಯಿತು. 1984ರಲ್ಲಿ ಕಾಲವಾದರು.

ಹೋಲಿಕೆಗೆ ಬೇಕಾದ ಅಂಶಗಳೆಲ್ಲ ಇಲ್ಲಿ ಎದ್ದುಕಾಣುವವು. ಇಬ್ಬರೂ ನಾಟಕಕಾರರು, ಇಬ್ಬರೂ ವಿಮರ್ಶಕರು. ಇಬ್ಬರೂ ಪೌರಾಣಿಕ ವೈಭವದ ಮತ್ತು ಕಣ್ಣೀರಿನ ನಾಟಕಗಳನ್ನು ಬದಿಗೆ ಸರಿಸಿ ದಿನನಿತ್ಯದ ಮನೆಯ ಪಡಸಾಲೆಯನ್ನು ರಂಗಕ್ಕೆ ತಂದರು. ಇಬ್ಬರಿಗೂ ನಗೆಯೇ ಆಯುಧ. ಆದರೆ ಇಷ್ಟು ಸಾಮ್ಯ ಆ ಕಾಲದ ಅನೇಕ ಲೇಖಕರಲ್ಲಿ ಸಿಕ್ಕೀತು. ನಿಜವಾದ ಸಂಬಂಧ ಇದಕ್ಕಿಂತ ಒಳಗಿದೆ. ಅದನ್ನು ಕಾಣಲು ನಾಟಕಗಳನ್ನು ತೆರೆಯುವ ಮೊದಲು ಅವುಗಳ ಹೆಸರುಗಳನ್ನು ಓದಬೇಕು.

‘ಉದರ ವೈರಾಗ್ಯ’ ಎಂಬ ಹೆಸರು ದಾಸರ ಪದದಿಂದ ಬಂದುದು. ‘ದಾರಿ ಯಾವುದಯ್ಯಾ ವೈಕುಂಠಕ್ಕೆ’ ಎಂಬುದೂ ಹಾಗೆಯೇ. ಭಜನೆಯ ತಾಳದೊಡನೆ ಕೇಳಿದ ಮಾತು ಇಂದಿನ ಸಂಸಾರದ, ಇಂದಿನ ಸಮಾಜದ ನೆತ್ತಿಯ ಮೇಲೆ ಬಂದು ಕೂತಾಗ, ನಾಟಕ ಮೊದಲಾಗುವ ಮುನ್ನವೇ ನಗೆ ಹುಟ್ಟುವದು. ‘ಶೋಕಚಕ್ರ’ ಎಂಬಲ್ಲಿ ಒಂದೇ ಒಂದು ಅಕ್ಷರವನ್ನು ಕಳೆದಿದ್ದಾರೆ; ನಮ್ಮ ಧ್ವಜದ ಅಶೋಕಚಕ್ರ ಸ್ವಾತಂತ್ರ್ಯಾನಂತರದ ಅಧಿಕಾರದ ಜಗಳದಲ್ಲಿ ದುಃಖದ ಗಾಲಿಯಾಗಿ ಉರುಳುವದು. 1934ರ ‘ಹರಿಜನ್ವಾರ’ವನ್ನಂತೂ ಒಡೆದು ಓದಬೇಕು. ಮೊದಲು ಕಿವಿಗೆ ಬೀಳುವದು ‘ಹರಿಜನ’. ಇನ್ನೊಮ್ಮೆ ಓದಿದರೆ ‘ಹರಿ, ಜನ್ವಾರ’! ಜನಿವಾರಕ್ಕೆ ನಮ್ಮ ಕಡೆಯ ಬಾಯಲ್ಲಿ ಜನ್ವಾರವೆಂದೇ ಹೆಸರು. ಒಂದು ಪದದೊಳಗೆ ಅಸ್ಪೃಶ್ಯತೆಯ ಪ್ರಶ್ನೆಯೂ ಇದೆ, ‘ಹರಿದುಹಾಕು’ ಎಂಬ ಉತ್ತರವೂ ಇದೆ. ಪ್ರಸ್ತುತ ಲೇಖಕನು ಇದನ್ನು ಒಬ್ಬ ಮರಾಠಿ ಮಿತ್ರರಿಗೆ ವಿವರಿಸಲು ಹೋಗಿ ಸೋತನು. ಅವರ ಭಾಷೆಯಲ್ಲಿ ಜನಿವಾರ ‘ಜಾನವೆ’. ‘ಹರಿ’ ಎಂದರೆ ದೇವರು ಮಾತ್ರ. ವಿವರಣೆ ಮುಗಿಯುವಷ್ಟರಲ್ಲಿ ನಗೆ ಸತ್ತಿತ್ತು.

ಇದೇ ಯುಕ್ತಿ ಶಾನಲ್ಲಿಯೂ ಇದೆ ಎಂಬುದನ್ನು ನಮ್ಮವರು ಹೆಚ್ಚಾಗಿ ಗಮನಿಸಿಲ್ಲ. ಅವನ ಮೊದಲ ನಾಟಕ ‘ವಿಡೋವರ್ಸ್ ಹೌಸಸ್’ 1892ರಲ್ಲಿ ರಂಗಕ್ಕೆ ಬಂದಿತು. ವಿಧವೆಯರ ಮನೆಗಳನ್ನು ನುಂಗುವ ಡಾಂಭಿಕರನ್ನು ಬೈಬಲ್ಲು ಖಂಡಿಸಿದೆ. ಶಾ ಆ ಮಾತಿನ ವಿಧವೆಯನ್ನು ವಿಧುರನನ್ನಾಗಿ ಮಾಡಿ, ಕೊಳಚೆ ಮನೆಗಳ ಬಾಡಿಗೆಯಿಂದ ಶ್ರೀಮಂತನಾದ ಒಬ್ಬ ಮಾವನನ್ನು ನಿಲ್ಲಿಸಿದನು. ಆ ಹಣ ಬೇಡವೆನ್ನುವ ತರುಣ ವೈದ್ಯನಿಗೆ ತನ್ನ ವರಮಾನವೂ ಅದೇ ಮನೆಗಳಿಂದ ಬರುವದೆಂದು ಕೊನೆಗೆ ತಿಳಿಯುವದು. 1894ರ ‘ಆರ್ಮ್ಸ್ ಅಂಡ್ ದ ಮ್ಯಾನ್’ ಎಂಬುದು ವರ್ಜಿಲನ ವೀರಕಾವ್ಯದ ಆರಂಭದ ಮಾತು. ಆ ಗಂಭೀರವಾದ ಹೆಸರಿನ ಕೆಳಗೆ ಬರುವ ವೀರನು ತೋಟೆಯ ಚೀಲದಲ್ಲಿ ಚಾಕೊಲೇಟು ಇಟ್ಟುಕೊಂಡ ಸಿಪಾಯಿ. ತನ್ನ ಪ್ರೇಕ್ಷಕರು ಶಾಲೆಯಲ್ಲಿ, ಇಗರ್ಜಿಯಲ್ಲಿ ಕಲಿತ ಮಾತುಗಳನ್ನೇ ಅವರ ಎದುರಿಗೆ ತಿರುಗಿಸಿ ಹಿಡಿದನು ಶಾ.

ಇಂಥ ಚಾತುರ್ಯಕ್ಕೆ ಒಂದು ಬಂಡವಾಳ ಬೇಕು. ಅದು ಲೇಖಕನ ಬುದ್ಧಿಯೊಂದೇ ಅಲ್ಲ. ಕೇಳುವವರೆಲ್ಲರಿಗೂ ಮೊದಲೇ ಗೊತ್ತಿರುವ ಮಾತುಗಳ ಸಂಪತ್ತು. ಇದನ್ನು ಚೆನ್ನಾಗಿ ಅರಿತವರು ಪು. ಲ. ದೇಶಪಾಂಡೆಯವರು. ಶಾನ ‘ಪಿಗ್ಮೇಲಿಯನ್’ ನಾಟಕವನ್ನು 1975ರಲ್ಲಿ ಅವರು ಮರಾಠಿಗೆ ತಂದಾಗ, ಗ್ರೀಕರ ಶಿಲ್ಪಿಯ ಹೆಸರನ್ನು ಎಳೆದುತರಲಿಲ್ಲ; ‘ತೀ ಫುಲರಾಣಿ’ ಎಂದು ಬಾಲಕವಿಯ ಪ್ರಸಿದ್ಧ ಕವಿತೆಯನ್ನು ನೆನಪಿಗೆ ತರುವ ಹೆಸರಿಟ್ಟರು. ಹೂವು ಮಾರುವ ಹುಡುಗಿ ಒಮ್ಮೆಲೆ ಮರಾಠಿ ಮನೆಯವಳಾದಳು. ಸಾಂಗಲಿ ಮಿರಜಗಳ ನಮಗೆ ಈ ನಾಟಕದ ಪರಿಚಯವಿದೆ. ಶಾನನ್ನು ಒಂದು ಭಾಷೆಗೆ ತರುವದೆಂದರೆ ಅವನ ಮಾತುಗಳನ್ನು ತರುವದಲ್ಲ, ಆ ಭಾಷೆಯವರ ಕಿವಿಯಲ್ಲಿ ಇರುವ ಮಾತುಗಳನ್ನು ಹುಡುಕುವದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಡ.

ಇಲ್ಲಿಯ ವರೆಗೆ ಸಾಮ್ಯ. ಇನ್ನು ಭೇದ. ಶಾ ಐರಿಷನು; ಇಂಗ್ಲಿಷರ ನಡುವೆ ಎಪ್ಪತ್ತಕ್ಕೂ ಹೆಚ್ಚು ವರ್ಷ ಬಾಳಿದರೂ ಅವರ ಮನೆಯ ಕಿಟಕಿಯ ಹೊರಗೆ ನಿಂತು ಒಳಗಿನವರನ್ನು ನೋಡಿ ನಕ್ಕವನು. ತನ್ನ ವಾದದಲ್ಲಿ ಅವನಿಗೆ ಅಪಾರವಾದ ಭರವಸೆ. ಆದುದರಿಂದಲೇ ಅವನ ನಾಟಕಗಳಿಗೆ ಉದ್ದುದ್ದವಾದ ಪ್ರಸ್ತಾವನೆಗಳು. ‘ಆಂಡ್ರೊಕ್ಲೀಸ್’ ನಾಟಕಕ್ಕಿಂತ ಅದರ ಪ್ರಸ್ತಾವನೆಯೇ ದೊಡ್ಡದು. ‘ಪಿಗ್ಮೇಲಿಯನ್’ ಮುಗಿದ ಮೇಲೆಯೂ ಸುಮ್ಮನಿರದೆ ಎಲೈಜಾ ಯಾರನ್ನು ಮದುವೆಯಾದಳೆಂಬುದನ್ನು ಬೇರೆ ಬರೆದು ತಿಳಿಸಿದನು! ಪ್ರೇಕ್ಷಕರು ತಪ್ಪು ತಿಳಿಯಬಾರದೆಂಬ ಗುರುವಿನ ಕಾಳಜಿ ಅದು. ಪ್ರಾಥಮಿಕ ಶಾಲೆಯ ಮಾಸ್ತರನಾದ ನನಗೆ ಈ ಚಟದ ಪರಿಚಯ ಚೆನ್ನಾಗಿದೆ.

ಶ್ರೀರಂಗರು ನಗುವದು ಕಿಟಕಿಯ ಹೊರಗಿನಿಂದಲ್ಲ. ಆಚಾರ್ಯರ ಮನೆತನದಲ್ಲಿ ಹುಟ್ಟಿ, ಸಂಸ್ಕೃತವನ್ನೇ ವೃತ್ತಿಯಾಗಿ ಉಳ್ಳವರು ‘ಹರಿ ಜನ್ವಾರ’ ಎಂದಾಗ, ಕೈ ಮೊದಲು ಹೋಗುವದು ತಮ್ಮ ಹೆಗಲಿಗೇ. ಸುಶಿಕ್ಷಿತರನ್ನು ಅವರಷ್ಟು ಕಟುವಾಗಿ ಹಾಸ್ಯ ಮಾಡಿದವರು ವಿರಳ. ಆದರೆ ತಾವೂ ಸುಶಿಕ್ಷಿತರಲ್ಲೊಬ್ಬರೆಂಬುದನ್ನು ಅವರು ಮರೆಯಲಿಲ್ಲ. ತಮ್ಮನ್ನು ಕುರಿತು ಬರೆದ ಪುಸ್ತಕವನ್ನು ಆತ್ಮಕಥೆ ಎನ್ನದೆ ‘ಸಾಹಿತಿಯ ಆತ್ಮಜಿಜ್ಞಾಸೆ’ ಎಂದು ಕರೆದದ್ದು ಇದೇ ಸ್ವಭಾವದಿಂದ. ಅವರ ನಾಟಕ ನೋಡಿ ಹೊರಗೆ ಬಂದವನಿಗೆ ‘ಆ ಜನ ಎಂಥವರು!’ ಎಂದು ಹೇಳಲು ಸಾಧ್ಯವಾಗುವದಿಲ್ಲ. ಆ ಜನರೆಂದರೆ ನಾವೇ.

ದೋಷಗಳಿಲ್ಲವೆಂದಲ್ಲ. ಪಾತ್ರಗಳು ಲೇಖಕನ ಬಾಯಿಂದ ಮಾತಾಡುವವೆಂಬ ಆಕ್ಷೇಪಣೆ ಶಾನ ಮೇಲೆ ಎಷ್ಟು ಹಳೆಯದೋ ಶ್ರೀರಂಗರ ಮೇಲೆಯೂ ಅಷ್ಟೇ ಹಳೆಯದು, ಅದರಲ್ಲಿ ಸತ್ಯಾಂಶವಿದೆ. ಮಾತು ಮುಂದೆ ಓಡಿ ಕ್ರಿಯೆ ಹಿಂದೆ ಉಳಿಯುವ ಸನ್ನಿವೇಶಗಳು ಅವರ ಸಾಮಾಜಿಕ ನಾಟಕಗಳಲ್ಲಿವೆ. ಚಮತ್ಕಾರದ ಉತ್ತರ ಎಲ್ಲರಿಗೂ ತತ್‌ಕ್ಷಣ ಹೊಳೆಯುವದರಿಂದ ಜಾಣನೂ ಪೆದ್ದನೂ ಒಂದೇ ದನಿಯಲ್ಲಿ ಮಾತಾಡಿದಂತೆ ಕೆಲವೊಮ್ಮೆ ಕೇಳಿಸುವದು. ಆದರೆ ಅವರು ಅಲ್ಲಿಯೇ ನಿಲ್ಲಲಿಲ್ಲ ಎಂಬುದು ಮುಖ್ಯ. 1960ರ ‘ಕೇಳು ಜನಮೇಜಯ’ದ ಹೊತ್ತಿಗೆ ಪಡಸಾಲೆಯ ಕುರ್ಚಿ ಮೇಜುಗಳ ನಾಟಕವನ್ನು ಬಿಟ್ಟು ಬೇರೆಯೇ ದಾರಿ ಹಿಡಿದಿದ್ದರು. ಈ ನಾಟಕ ಹಿಂದಿಗೂ ಹೋಗಿ ‘ಸುನೋ ಜನಮೇಜಯ’ ಎಂದು ಹೆಸರಾಯಿತು.

ಈ ಹೆಸರನ್ನು ಕುರಿತು ಒಂದು ಅನುಭವವನ್ನು ಹೇಳಬೇಕಾಗಿದೆ. ಕೆಲವು ವರ್ಷಗಳ ಹಿಂದೆ ನಾವು ಐದಾರು ಜನ ಸೇರಿ ಮಿರಜದಲ್ಲಿ ಒಂದು ಸಂಜೆ ಈ ನಾಟಕವನ್ನು ಕೂತು ಓದುವದೆಂದು ನಿಶ್ಚಯಿಸಿದೆವು. ಕರಪತ್ರದ ಒಂದು ಪ್ರತಿ ನನ್ನ ಮೇಜಿನ ಮೇಲಿತ್ತು. ನಾಲ್ಕನೆಯ ಇಯತ್ತೆಯ ಹುಡುಗನೊಬ್ಬ ಅಕ್ಷರ ಕೂಡಿಸಿ ಓದಿ, “ಜನಮೇಜಯ ಅಂದ್ರ ಯಾರ್ರೀ ಸರ?” ಎಂದು ಕೇಳಿದನು. ಉಳಿದ ಮಕ್ಕಳೂ ನನ್ನ ಮುಖ ನೋಡಿದರು. ಒಬ್ಬರಿಗೂ ಗೊತ್ತಿರಲಿಲ್ಲ. ಕುಮಾರವ್ಯಾಸನ ಭಾರತದಲ್ಲಿ ಮತ್ತೆ ಮತ್ತೆ ಬರುವ ಕರೆ ಅದು, ವೈಶಂಪಾಯನ ಮುನಿಯಿಂದ ಭಾರತವನ್ನು ಕೇಳಿದ ಅರಸನ ಹೆಸರದು ಎಂದು ಹೇಳಿದೆ. ಅವರು ಪಾಠ ಕೇಳಿದಂತೆ ಕೇಳಿದರು. ನಗಬೇಕಾದ ಮಾತು ಪಾಠವಾಗಿತ್ತು.

ಓದುವ ದಿನ ಅದೇ ಹುಡುಗ ತನ್ನ ಅಜ್ಜಿಯ ಕೈ ಹಿಡಿದುಕೊಂಡು ಬಂದನು. ಅಥಣಿ ಕಡೆಯಿಂದ ಬಂದ ಆ ಮುದುಕಿಗೆ ಓದು ಬಾರದು. ಮೊಮ್ಮಗ ಹೇಳಿದ ಹೆಸರು ಕೇಳಿ, ಭಾರತದ ಪುರಾಣವಿದೆಯೆಂದು ತಿಳಿದು ಬಂದಿದ್ದಳು. ಬಾಗಿಲಲ್ಲಿ ಕಾಲ್ಮರಿ ಬಿಟ್ಟು, ಕೈಮುಗಿದು, ಎದುರಿಗೇ ಕೂತಳು. ಇದು ಪುರಾಣವಲ್ಲವೆಂದು ಹೇಳುವ ಧೈರ್ಯ ನಮಗಾಗಲಿಲ್ಲ. ನೌಕರಿಯ ಜನರಲ್ಲಿ ಕೆಲವರು ಮಧ್ಯದಲ್ಲಿಯೇ ಎದ್ದುಹೋದರು. ಅವಳು ಕೊನೆಯ ವರೆಗೂ ಕೂತಿದ್ದಳು. ಕ್ಷಮೆ ಕೇಳುವಂತೆ ನಾನು ಹತ್ತಿರ ಹೋಗಿ, “ಆಯಿ, ಇದು ನೀವು ತಿಳದಂಥಾ ಪುರಾಣ ಅಲ್ಲರೀ” ಎಂದೆ. ಅವಳು ಸೆರಗು ಸರಿಪಡಿಸಿಕೊಳ್ಳುತ್ತ, “ಪುರಾಣನ ಐತಿ ಬಿಡ್ರಿ ಸರ. ರಾಜಾ ಅಷ್ಟ ಬ್ಯಾರೆ ಅದಾನ” ಎಂದಳು.

ಈ ನಾಟಕವನ್ನು ಕುರಿತು ಇದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾನು ಓದಿಲ್ಲ. ಹಿಂದೆ ಕೇಳುವ ಅಧಿಕಾರವೂ ಕೇಳುವ ಕರ್ತವ್ಯವೂ ಅರಸನದಾಗಿತ್ತು. ಪ್ರಜೆಯೇ ಪ್ರಭುವಾದ ಮೇಲೆ ಆ ಆಸನದಲ್ಲಿ ಕೂತಿರುವವರು ಪ್ರೇಕ್ಷಕರು. ಹೆಸರಿನಲ್ಲಿ ಇರುವ ‘ಕೇಳು’ ನಮಗೆ ಹೇಳಿದ ಮಾತು. ಮುದುಕಿಗೆ ಇದು ಹೊಳೆದದ್ದು ಅವಳ ಕಿವಿಯಲ್ಲಿ ಭಾರತ ಇದ್ದುದರಿಂದ. ಮೊಮ್ಮಗನಿಗೆ ಅಕ್ಷರ ಬರುವದು, ಭಾರತ ಬರುವದಿಲ್ಲ. ಅಜ್ಜಿಗೆ ಭಾರತ ಬರುವದು, ಅಕ್ಷರ ಬರುವದಿಲ್ಲ. ಶ್ರೀರಂಗರ ನಾಟಕಕ್ಕೆ ಇಬ್ಬರೂ ಬೇಕು.

ಗಡಿನಾಡಿನ ಕನ್ನಡಿಗರಾದ ನಮಗೆ ಈ ವಿಚಾರ ಸಾಹಿತ್ಯದ ಚರ್ಚೆ ಮಾತ್ರವಲ್ಲ. ನಮ್ಮ ಸ್ನೇಹಸಮ್ಮೇಲನಗಳ ಪ್ರಹಸನಗಳನ್ನು ನೆನೆಯಿರಿ. ಧಾರವಾಡದ ಕಡೆಯವರ ಮಾತನ್ನು ಅಣಕಿಸುವೆವು, ಮರಾಠಿ ನೆರೆಯವರ ಕನ್ನಡವನ್ನು ಅಣಕಿಸುವೆವು. ಎರಡೂ ಮನೆಗಳ ಕಿಟಕಿಯ ಹೊರಗೆ ನಿಂತು ನಗುವದು ನಮಗೆ ಸುಲಭವಾಗಿದೆ. ನಮ್ಮ ಮನೆಯೊಳಗೆ ನಿಂತು ನಗುವದನ್ನು ಇನ್ನೂ ಕಲಿತಿಲ್ಲ. ಅದನ್ನು ಕಲಿಯಬೇಕಾದರೆ ಮನೆಯ ಮಾತು ಬಾಯಲ್ಲಿ ಇರಬೇಕು. ದಾಸರ ಪದ, ಭಾರತದ ಕಥೆ, ಜನ್ವಾರದಂಥ ಬಳಕೆಯ ಮಾತು ಮಕ್ಕಳ ಕಿವಿಗೆ ಬೀಳುತ್ತಿರಬೇಕು. ಭಾಷೆ ಕೈಬಿಡುವಾಗ ಎಲ್ಲಕ್ಕಿಂತ ಮೊದಲು ಹೋಗುವದು ವ್ಯಾಕರಣವಲ್ಲ, ನಗೆ.

ಈ ಸಾಂಗಲಿಯಲ್ಲಿಯೇ 1843ರಲ್ಲಿ ವಿಷ್ಣುದಾಸ ಭಾವೆಯವರು ‘ಸೀತಾ ಸ್ವಯಂವರ’ವನ್ನು ಆಡಿ ತೋರಿಸಿ ಮರಾಠಿ ರಂಗಭೂಮಿಗೆ ನಾಂದಿ ಹಾಡಿದರು. ಅದರ ಹಿಂದಿನ ವರ್ಷ ಹೊನ್ನಾವರದ ಬಳಿಯ ಕರ್ಕಿಯ ಭಾಗವತರ ಮೇಳ ಇಲ್ಲಿಗೆ ಬಂದು ಆಟವಾಡಿದ್ದೇ ಅದಕ್ಕೆ ಪ್ರೇರಣೆಯಾಯಿತೆಂಬುದು ಪ್ರಸಿದ್ಧವಾಗಿದೆ. ಈ ಸಂಗತಿಯನ್ನು ನಾವು ಪ್ರತಿಯೊಂದು ಭಾಷಣದಲ್ಲಿಯೂ ಅಭಿಮಾನದಿಂದ ಹೇಳುತ್ತೇವೆ. ಆದರೆ ಕರ್ಕಿಯವರು ತಂದದ್ದು ಅಭಿಮಾನವನ್ನಲ್ಲ, ಆಟವನ್ನು. ಚಿಂತಾಮಣರಾವ ಪಟವರ್ಧನರ ಸಭೆ ಆ ಆಟವನ್ನು ಕೂತು ನೋಡಿತು, ಕೇಳಿತು. ಆದುದರಿಂದ ಮುಂದಿನದು ಸಾಧ್ಯವಾಯಿತು.

ಹಾಗಾದರೆ ಶ್ರೀರಂಗರು ‘ಕನ್ನಡದ ಶಾ’ ಅಹುದೆ? ಶಾ ಇಂಗ್ಲಿಷರ ಮಾತಿನ ಭಂಡಾರವನ್ನು ಹೇಗೆ ಕೊಳ್ಳೆ ಹೊಡೆದನೋ, ಶ್ರೀರಂಗರು ನಮ್ಮದನ್ನು ಹಾಗೆ ಬಳಸಿದರೆಂಬ ಅರ್ಥದಲ್ಲಿ ಅಹುದು. ಶಾನ ನಗೆಯನ್ನೇ ಕನ್ನಡಕ್ಕೆ ತಂದರೆಂಬ ಅರ್ಥದಲ್ಲಿ ಅಲ್ಲ. ಅವರ ನಗೆಯ ತವರು ಡಬ್ಲಿನ್ ಅಲ್ಲ, ಅಗರಖೇಡ. ಬಿರುದನ್ನು ಬದಿಗಿಟ್ಟು ಓದೋಣ. ಈ ಸಲ ಓದುವಾಗ ಮೊಮ್ಮಕ್ಕಳನ್ನೂ ಅಜ್ಜಿಯರನ್ನೂ ಒಂದೇ ಜಮಖಾನೆಯ ಮೇಲೆ ಕೂಡ್ರಿಸೋಣ.