ಗಾಜು ಬಿಡಿಸುವ ಕಸಬು
ಶೇಂದ್ರಾದ ಸ್ಕೋಡಾ ಕಾರ್ಖಾನೆಯಲ್ಲಿ 2001ರಲ್ಲಿ ಆಕ್ಟೇವಿಯಾ ಜೋಡಣೆ ಶುರುವಾಯಿತು. ಆ ಕಾರಿನ ಕಾಂಬಿ ಮಾದರಿಗೆ ಡಿಕ್ಕಿಯ ಎರಡೂ ಪಕ್ಕ ಇಳಿಸಲಾಗದ ಗಾಜುಗಳಿವೆ. ಇಂಥ ಗಾಜಿನಂಚಿನ ಅಂಟು ಬಿಟ್ಟು ಮಳೆನೀರು ಒಳಗಿಳಿದರೆ, ಮೇಲಿಂದ ಸಿಲಿಕೋನ್ ಬಳಿದು ಕಳಿಸುವವರೇ ಹೆಚ್ಚು. ನನ್ನ ಮೆಚ್ಚುಗೆ ಗಾಜನ್ನೇ ಬಿಡಿಸುವ ಕಸಬುದಾರನಿಗೆ. ಸೋರಿಕೆಯ ಮೂಲ ಕಾಣುವುದು ಗಾಜಿನ ಹಿಂದೆಯೇ: ತಗಡಿನ ಅಂಚಿಗೆ ತುಕ್ಕು ಹಿಡಿದಿದ್ದರೆ ಯಾವ ಅಂಟೂ ಕಚ್ಚಿಕೊಳ್ಳದು. ಮೇಲೆ ಬಳಿದದ್ದು ನೀರನ್ನು ಒಳಗೇ ಕೂಡಿಹಾಕುತ್ತದೆ. ಹುಳಿವಾಸನೆಯ ಸಿಲಿಕೋನ್ ಆದರಂತೂ ಅದು ಬಿಡುವ ಅಸಿಟಿಕ್ ಆಮ್ಲ ತುಕ್ಕಿಗೆ ಇನ್ನಷ್ಟು ಇಂಬು ಕೊಡುತ್ತದೆ.

ಬಿಡಿಸುವಾಗ ಒಡೆದರೆ? ಆಕ್ಷೇಪ ಸುಳ್ಳಲ್ಲ. ಪಕ್ಕದ ಗಾಜು ಕಾಯಿಸಿ ಹದಗೊಳಿಸಿದ್ದು, ಅಂಚಿಗೆ ಪೆಟ್ಟು ಬಿದ್ದರೆ ಪುಡಿಪುಡಿ. ಹಳೇ ಕಾರಿಗೆ ಬದಲಿ ಗಾಜು ಹುಡುಕುವುದೂ ಕಷ್ಟ. ಅದಕ್ಕೇ ಚಾಕುವಿನ ಬದಲು ಹೆಣೆದ ಉಕ್ಕಿನ ತಂತಿ. ದಬ್ಬಳದಿಂದ ಅಂಟಿನಲ್ಲಿ ತೂತು ಮಾಡಿ ತಂತಿ ತೂರಿಸಿ, ಒಬ್ಬ ಒಳಗಿಂದ, ಒಬ್ಬ ಹೊರಗಿಂದ ಗರಗಸದಂತೆ ಎಳೆಯುತ್ತಾರೆ. ಮೂಲೆ ಬಂದಾಗ ಕೈ ತಾನಾಗಿ ನಿಧಾನಿಸುತ್ತದೆ. ಹಳೇ ಅಂಟು ಗಟ್ಟಿಯಾಗಿರುವ ಕಡೆ 1-2 ಮಿಲಿಮೀಟರ್ ಉಳಿಸುತ್ತಾರೆ, ಹೊಸ ಪಾಲಿಯುರೆಥೇನ್ ಅದರ ಮೇಲೆ ಚೆನ್ನಾಗಿ ಕೂರುತ್ತದೆ. ತುಕ್ಕು ಕಂಡಲ್ಲಿ ಮಾತ್ರ ತಗಡು ಹೊಳೆಯುವಷ್ಟು ಉಜ್ಜಿ ಪ್ರೈಮರ್. ಇನ್ನು ಕೂಲಿ ದುಬಾರಿ ಎಂಬ ಮಾತು. ಸ್ಟೆಪ್ನಿ ಗುಂಡಿಯಲ್ಲಿ ನಿಂತ ನೀರು ನೆಲದ ತಗಡನ್ನೇ ತಿಂದರೆ ಟಿಂಕರಿಂಗ್‌ಗೆ ತೆರುವುದು ಅದಕ್ಕಿಂತ ಹೆಚ್ಚು.