ಅಂಕಪಟ್ಟಿ ಓದಲು ಕಲಿಯಿರಿ: ರೇಸ್ ರಸಿಕರಿಗೊಂದು ಕೈಪಿಡಿ

ಮೋಟಾರ್ ರೇಸ್ ನೋಡುವ ಹೊಸಬರ ಕಣ್ಣೆಲ್ಲ ಮುಂದೆ ಓಡುವವನ ಮೇಲೆ. ಆದರೆ ಎಷ್ಟೋ ಸಲ ಚಾಂಪಿಯನ್ ಯಾರೆಂದು ತೀರ್ಮಾನವಾಗುವುದು ಐದನೆಯ ಸ್ಥಾನದ ಸೆಣಸಾಟದಲ್ಲಿ. ಅದರ ಸ್ವಾರಸ್ಯ ಸಿಗಬೇಕಾದರೆ ಅಂಕ ಹಂಚಿಕೆಯ ಮೂರು ಸಂಗತಿಗಳನ್ನು ಗಮನಿಸಿ.

ಮೊದಲನೆಯದು, ಗೆದ್ದವನಿಗೂ ಎರಡನೆಯವನಿಗೂ ಇರುವ ಅಂತರ. ಫಾರ್ಮುಲಾ ಒನ್‌ನಲ್ಲಿ 2010ರಿಂದ 25–18, ಬೈಕುಗಳ ಮೋಟೋಜಿಪಿಯಲ್ಲಿ 25–20. ಅಂತರ ಕಿರಿದಾದಷ್ಟೂ ಸ್ಥಿರತೆಗೆ ಬೆಲೆ ಹೆಚ್ಚು. 2020ರಲ್ಲಿ ಜೋನ್ ಮಿರ್ ಒಂದೇ ರೇಸ್ ಗೆದ್ದು ಮೋಟೋಜಿಪಿ ಚಾಂಪಿಯನ್ ಆದರು. ಮೂರು ಗೆದ್ದ ಫ್ರಾಂಕೊ ಮೊರ್ಬಿಡೆಲ್ಲಿ ಎರಡನೆಯವರಾದರು.

ಎರಡನೆಯದು, ಅಂಕ ಎಲ್ಲಿಯವರೆಗೆ ಇಳಿಯುತ್ತದೆ ಎಂಬುದು. ಫಾರ್ಮುಲಾ ಒನ್‌ನಲ್ಲಿ ಮೊದಲ ಹತ್ತು ಮಂದಿಗೆ, ಮೋಟೋಜಿಪಿಯಲ್ಲಿ ಹದಿನೈದು ಮಂದಿಗೆ ಅಂಕ. ಅಮೆರಿಕದ ಇಂಡಿಕಾರ್‌ನಲ್ಲಿ ಗೆದ್ದವನಿಗೆ 50, ಕಟ್ಟಕಡೆಯವನಿಗೂ 5. ಜಖಂಗೊಂಡ ಕಾರನ್ನು ರಿಪೇರಿ ಮಾಡಿ ಮತ್ತೆ ಟ್ರ್ಯಾಕಿಗೆ ಇಳಿಸುವುದು ಅಲ್ಲಿ ವ್ಯರ್ಥ ಹಟವಲ್ಲ.

ಮೂರನೆಯದು, ಮೇಲಂಕಗಳು. ಇಂಡಿಕಾರ್‌ನಲ್ಲಿ ಒಂದು ಲ್ಯಾಪ್ ಮುಂದಿದ್ದರೂ 1 ಅಂಕ, ಅತಿ ಹೆಚ್ಚು ಲ್ಯಾಪ್ ಮುಂದಿದ್ದವನಿಗೆ ಇನ್ನೂ 2. ಸ್ಪ್ರಿಂಟ್ ಎಂಬ ಕಿರು ರೇಸ್ ಗೆದ್ದರೆ ಫಾರ್ಮುಲಾ ಒನ್ ಕೊಡುವುದು 8, ಮೋಟೋಜಿಪಿ 12.

ಈಗ 1988ರ ಫಾರ್ಮುಲಾ ಒನ್ ಪಟ್ಟಿಯನ್ನು ನೀವೇ ಕೂಡಿ ನೋಡಿ. ಗೆಲುವಿಗೆ 9, ಎರಡನೆಯ ಸ್ಥಾನಕ್ಕೆ 6. ಅಲೇನ್ ಪ್ರಾಸ್ಟ್ ಏಳು ಗೆದ್ದು, ಏಳರಲ್ಲಿ ಎರಡನೆಯವರಾದರು: ಒಟ್ಟು 105. ಎಂಟು ಗೆದ್ದ ಐರ್ಟನ್ ಸೆನ್ನಾರ ಒಟ್ಟು 94. ಆದರೆ ಆಗಿನ ನಿಯಮದಂತೆ 16 ರೇಸ್‌ಗಳಲ್ಲಿ ಅತ್ಯುತ್ತಮ 11 ಮಾತ್ರ ಲೆಕ್ಕಕ್ಕೆ. ಪ್ರಾಸ್ಟ್‌ಗೆ ಏಳು ಗೆಲುವು, ನಾಲ್ಕು ಎರಡನೆಯ ಸ್ಥಾನ: 87. ಸೆನ್ನಾಗೆ ಎಂಟು ಗೆಲುವು, ಮೂರು ಎರಡನೆಯ ಸ್ಥಾನ: 90. ಪಟ್ಟ ಸೆನ್ನಾರದಾಯಿತು. ಸೋಲುವ ಭಯವಿಲ್ಲದೆ ಗೆಲುವಿಗೇ ಮುನ್ನುಗ್ಗು ಎಂದು ಆ ನಿಯಮ ಹೇಳುತ್ತಿತ್ತು.

ಇನ್ನು ಐದನೆಯ ಸ್ಥಾನದ ಸೆಣಸಾಟ. ಫಾರ್ಮುಲಾ ಒನ್ ಪಟ್ಟ ತೀರ್ಮಾನವಾದ 2008ರ ಬ್ರೆಜಿಲ್ ರೇಸನ್ನು ಫೆಲಿಪೆ ಮಾಸ್ಸಾ ಗೆದ್ದರು. ಕೊನೆಯ ಲ್ಯಾಪಿನ ಕೊನೆಯ ತಿರುವುಗಳಲ್ಲಿ ಲೂಯಿಸ್ ಹ್ಯಾಮಿಲ್ಟನ್ ಐದನೆಯ ಸ್ಥಾನಕ್ಕೇರಿದರು. ಆ ಒಂದು ಸ್ಥಾನದಿಂದ ಹ್ಯಾಮಿಲ್ಟನ್ 98–97 ಅಂಕಗಳಿಂದ ಚಾಂಪಿಯನ್ ಆದರು. ಆರನೆಯವರಾಗಿದ್ದರೆ ಅಂಕ ಸಮವಾಗಿ, ಹೆಚ್ಚು ಗೆಲುವಿದ್ದ ಮಾಸ್ಸಾ ಚಾಂಪಿಯನ್ ಆಗುತ್ತಿದ್ದರು.

ಪಟ್ಟಿ ಬದಲಾದರೆ ಓಡಿಸುವವನ ಧೈರ್ಯ, ತಾಳ್ಮೆಗಳ ಬೆಲೆಯೂ ಬದಲಾಗುತ್ತದೆ. ಹಾಗಾಗಿ ಮುಂದಿನ ರೇಸಿಗೆ ಮುನ್ನ ಅಂಕಪಟ್ಟಿ ಎದುರಿಗಿಟ್ಟುಕೊಂಡು, ಯಾರಿಗೆ ಎಷ್ಟನೆಯ ಸ್ಥಾನ ಸಾಕೆಂದು ಬರೆದುಕೊಳ್ಳಿ. ಆಗ ಒಬ್ಬ ಯಾಕೆ ದುಡುಕುತ್ತಾನೆ, ಇನ್ನೊಬ್ಬ ಯಾಕೆ ದಾರಿ ಬಿಡುತ್ತಾನೆ ಎಂಬುದು ನಿಮಗೇ ತಿಳಿಯುತ್ತದೆ.