ಐದು ಮೂತಿಯ ಲೇಖನಿ
ನ್ಯೂಯಾರ್ಕ್ ರಾಜ್ಯದ ನ್ಯೂ ಲೆಬನನ್‌ನಲ್ಲಿದ್ದ ಶೇಕರ್ ಎಂಬ ಕ್ರೈಸ್ತ ಪಂಥದ ಸಮುದಾಯದಲ್ಲಿ ಐಸಾಕ್ ನ್ಯೂಟನ್ ಯಂಗ್ಸ್ (1793–1865) ಕೈಹಾಕದ ಕೆಲಸವೇ ಇರಲಿಲ್ಲವೇನೋ. ಬಟ್ಟೆ ಹೊಲಿದ, ಮರಗೆಲಸ ಮಾಡಿದ, ಮಕ್ಕಳಿಗೆ ಪಾಠ ಹೇಳಿದ, ಊರಿನ ದಿನಚರಿ ಬರೆದಿಟ್ಟ. ಸಂಬಳವಿಲ್ಲ, ಸ್ವಂತದ್ದೆಂಬ ಆಸ್ತಿಯಿಲ್ಲ. ಬ್ರಹ್ಮಚರ್ಯವೇ ಕಟ್ಟಳೆಯಾದ್ದರಿಂದ ಸಂಸಾರದ ಮಾತೇ ಇಲ್ಲ.

1840ರಲ್ಲಿ ಅವನು ಮಾಡಿದ ಗೋಡೆ ಗಡಿಯಾರಗಳು ಚೆಂದವೇ: ಸಾದಾ ಮರದ ಪೆಟ್ಟಿಗೆ, ಕೆತ್ತನೆಯ ಗೊಡವೆಯಿಲ್ಲ. ಆದರೆ ನನಗೆ ಹೆಚ್ಚು ಹಿಡಿಸಿದ್ದು ಅವನ ಐದು ಮೂತಿಯ ಲೇಖನಿ. ಶಾಯಿಯಲ್ಲಿ ಅದ್ದಿ ಎಡದಿಂದ ಬಲಕ್ಕೆ ಒಮ್ಮೆ ಎಳೆದರೆ ಸಾಕು, ಸ್ವರ ಬರೆಯಲು ಬೇಕಾದ ಐದೂ ಗೆರೆ ಒಟ್ಟಿಗೆ ಮೂಡುತ್ತಿದ್ದವು. ಹಾಡುಗಳನ್ನು ಪುಟಗಟ್ಟಲೆ ಕೈಯಲ್ಲೇ ನಕಲು ಮಾಡುತ್ತಿದ್ದವರಿಗೆ ಎಷ್ಟು ಹಗುರಾಗಿರಬೇಕು!

ತನ್ನ ಕಸುಬುಗಳ ಪಟ್ಟಿಯನ್ನೇ ಅವನು ಪದ್ಯವಾಗಿ ಕಟ್ಟಿದ್ದಾನೆ. ಅದರಲ್ಲಿ ತುಸು ಗೊಣಗಾಟವೂ ಇದೆ; ಅದಕ್ಕೇ ಇನ್ನಷ್ಟು ಇಷ್ಟವಾಗುತ್ತಾನೆ.